ಮುನಿದು ಹೋದ ಹಳ್ಳ

ಹಳ್ಳಗಳು ಮುನಿಸಿಕೊಂಡು ಊರು ಬಿಡುವುದು ಈಗ ಯಾರಿಗೂ ಹೊಸತಲ್ಲ. ಹೋದ ಹಳ್ಳವನ್ನು, ಸೊಸೆಯನ್ನು ತವರಿನಿಂದ ಕರೆತಂದಂತೆ, ಹೆಂಗಸರೇ ಹೋಗಿ ಕರೆಯಬೇಕು. ಸಣ್ಣೀರಮ್ಮ ಹಾಗೆ ಕರೆದು ಬಂದವಳು ಬತ್ತಿದ ಪಾತ್ರದ ದಡದುದ್ದಕ್ಕೂ ಲಕ್ಕಿ ಗಿಡ, ಹೊಂಗೆ ನೆಟ್ಟು, ಮೀನು ಮೊಟ್ಟೆಯಿಡಲು ಗುಂಡುಕಲ್ಲು ಹಾಸಿ, ವರ್ಷಗಟ್ಟಲೆ ಕಾದಿದ್ದಳು. ಇವತ್ತು ಬೆಳಿಗ್ಗೆ ಹಳ್ಳ ಊರ ಗಡಿಗೆ ಬಂದು ನಿಂತಿತ್ತು. ವಾಡಿಕೆಯಂತೆ, ಮೊದಲು ನೋಡಿಬರಲು ಒಂದು ನೀರುನಾಯಿಯನ್ನು ಕಳಿಸಿತು. ಅದು ಪಾತ್ರದ ತಿರುವಿನ ತನಕ ಬಂದು, ಮೂಸಿ, ಮುಖ ತಿರುಗಿಸಿಕೊಂಡು ಓಡಿತು.

ಸಣ್ಣೀರಮ್ಮ ಹೋಗಿ ನೋಡಿದಳು. ರಾತ್ರೋರಾತ್ರಿ ಲಕ್ಕಿ ಗಿಡಗಳನ್ನೆಲ್ಲ ಕಿತ್ತೆಸೆದು, ಎರಡೂ ದಡಕ್ಕೆ ಸಿಮೆಂಟು ಮೆತ್ತಿ ಮೆಟ್ಟಿಲು ಕಟ್ಟಿದ್ದರು. ಪಂಚಾಯ್ತಿ ಅಧ್ಯಕ್ಷ ಗುರುಶಾಂತಪ್ಪ ಹೂಮಾಲೆ ಹಿಡಿದು ನಿಂತಿದ್ದ.

"ಸ್ವಾಗತಕ್ಕೆ ಚೆಂದಾಗಿ ಕಾಣ್ಲಿ ಅಂತ ಮಾಡಿಸ್ದೆ ಕಣಮ್ಮೋ."

"ಚೆಂದ! ಈ ಸಿಮೆಂಟಿಗೇ ಅಲ್ವೇನೋ ಅದು ಆವತ್ತು ಮುನಿಸ್ಕಂಡು ಹೋಗಿದ್ದು? ಹೊಡ್ದು ಓಡ್ಸಿದ ದೊಣ್ಣೇನೇ ಹಿಡ್ಕಂಡು ಬಾಗ್ಲಲ್ಲಿ ನಿಂತಿದೀಯಲ್ಲ, ನಿನ್ ಮುಖಕ್ಕಿಷ್ಟು!"

"ನಾಳೆ ಒಡೆಸ್ತೀನಿ ಬಿಡು. ಫೋಟೋದೋರು ಬಂದವ್ರೆ."

ಗಡಿಯಲ್ಲಿ ನೀರು ಆಗಲೇ ಒಂದು ಮಾರು ಹಿಂದಕ್ಕೆ ಸರಿದಿತ್ತು.

ಸಣ್ಣೀರಮ್ಮ ಅಲ್ಲಿದ್ದ ಕೂಲಿಯವನ ಕೈಯಿಂದ ಹಾರೆ ಕಿತ್ತುಕೊಂಡು ಬೀಸಿದಳು. ಇನ್ನೂ ಹಸಿಯಿದ್ದ ಮೆಟ್ಟಿಲು ಬಿರಿಯಿತು. ಹಳ್ಳ ನೋಡಲು ನೆರೆದಿದ್ದ ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಇಳಿದರು. ಗುರುಶಾಂತಪ್ಪನ ಹೂಮಾಲೆ ಯಾರದೋ ಕಾಲಿಗೆ ಸಿಕ್ಕಿ ನಜ್ಜುಗುಜ್ಜಾಯಿತು.

ಅವಳು ಗಡಿಯ ಕಡೆ ತಿರುಗಿ ಕೂಗಿದಳು: "ಏ ನಿಂತ್ಕಳೇ! ನಿಂಗಿರೋ ಸಿಟ್ಟು ನಂಗೂ ಐತೆ. ಇದನ್ನ ಒಡ್ದು ಮುಗ್ಸೋಗಂಟ ನಿಂತ್ಕಳೇ!"

ಸರಿಯುತ್ತಿದ್ದ ನೀರು ನಿಂತಿತು. ಅವಳು ಎರಡನೆಯ ಮೆಟ್ಟಿಲಿಗೆ ಹಾರೆ ಎತ್ತಿದಳು.