ಹನ್ನೆರಡನೆಯ ಲೋಟ

ಈ ಕಥೆ ಹೇಳುವಷ್ಟು ವಿಜ್ಞಾನ ನನಗೆ ತಿಳಿದಿಲ್ಲ, ತಪ್ಪಿದ್ದರೆ ಓದುಗರು ಕ್ಷಮಿಸಬೇಕು.

ಭೂಮಿಯ ಸುತ್ತ ಸುತ್ತುವ ಆಕಾಶದೂರಿನಲ್ಲಿ ಯಾವುದಕ್ಕೂ ತೂಕವಿಲ್ಲ. ಅಲ್ಲಿ ಹುಟ್ಟಿದವರು ಕೈಯಲ್ಲಿದ್ದುದನ್ನು ಗಾಳಿಯಲ್ಲೇ ಬಿಟ್ಟು ಮಾತಿಗೆ ತೊಡಗುತ್ತಾರೆ. ಅದು ಬಿಟ್ಟಲ್ಲೇ ತೇಲುತ್ತಿರುತ್ತದೆ. ಹಾಗಾಗಿ ಎಂ.ಎಸ್ಸಿ. ಓದಲು ಭೂಮಿಗೆ ಹೋಗುವವರಿಗೆ ಗೌರಕ್ಕ ಟೀಚರ್ ಆರು ತಿಂಗಳ ತಯಾರಿ ತರಗತಿ ನಡೆಸುತ್ತಿದ್ದರು, ಭೂಮಿಯಷ್ಟೇ ತೂಕ ಬರುವಂತೆ ತಿರುಗುವ ಕೋಣೆಯಲ್ಲಿ.

ಆ ತರಗತಿಯ ನೀಲಾಂಬಿಕೆಗೆ ಮಣ್ಣಿನ ಶಾಸ್ತ್ರ ನೀರು ಕುಡಿದಷ್ಟು ಸಲೀಸು. ಆದರೆ ಮಾತಿನ ಹುರುಪಿನಲ್ಲಿ ಕೈಬಿಟ್ಟು ಹನ್ನೊಂದು ಗಾಜಿನ ಲೋಟ ಒಡೆದಿದ್ದಳು. ಇಂದು ಕಡೆಯ ಪರೀಕ್ಷೆ. ಲೋಟ ಬಿಟ್ಟರೆ ಸೀಟಿಲ್ಲ.

ಧಾರವಾಡದಿಂದ ಬಂದ ಪ್ರೊಫೆಸರು ಅದೇ ಕೋಣೆಯಲ್ಲಿ ಟೀಚರಿಗೂ ಅವಳಿಗೂ ಗಾಜಿನ ಲೋಟದಲ್ಲಿ ಚಹಾ ಕೊಟ್ಟು ಹುಡುಗಿಯನ್ನು ಕೆಣಕಿದರು: "ನಮ್ಮ ಕರೀ ಎರಿ ಮಣ್ಣು ಬ್ಯಾಸಿಗ್ಯಾಗ ಯಾಕ ಬಿರೀತೈತಿ? ಮಣ್ಣ ತುಳಿದಾಕಿ ಅಲ್ಲ ನೀ, ಏನ್ ಹೇಳ್ತಿ ಬಿಡವಾ."

ನೀಲಾಂಬಿಕೆಯ ಕಣ್ಣು ಅರಳಿದವು, ಲೋಟ ಹಿಡಿದ ಬೆರಳು ಸಡಿಲವಾದವು. ಗೌರಕ್ಕ ಉಸಿರು ಬಿಗಿಹಿಡಿದರು.

"ತಡೀರಿ ಸರ್," ಎಂದ ಹುಡುಗಿ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಆಮೇಲೆ ಎರಡೂ ಕೈ ಬೀಸುತ್ತ ಉತ್ತರ ಹೇಳಿದಳು.

"ನಮ್ಮ ಹುಡುಗರಿಗಿಂತ ಛಲೋ ಹೇಳಿದಿ. ಬಾರವಾ ನಮ್ಮೂರಿಗೆ!"

ಗೌರಕ್ಕ ಹೆಮ್ಮೆಯಿಂದ ಚಪ್ಪಾಳೆ ತಟ್ಟಿದರು. ಅವರ ಕೈಲಿದ್ದ ಲೋಟ ನೆಲಕ್ಕೆ ಬಿದ್ದು ಚೂರಾಯಿತು.

"ಹನ್ನೆರಡನೇದು ನಿಮ್ದರೀ ಟೀಚರ್!" ನೀಲಾಂಬಿಕೆ ನಕ್ಕಳು.

ಗೌರಕ್ಕನೂ ನಕ್ಕರು. ಅವರೂ ಆಕಾಶದೂರಿನಲ್ಲೇ ಹುಟ್ಟಿದವರು, ಭೂಮಿ ಕಂಡವರಲ್ಲ. ಬರಿಗಾಲಿಗೆ ಮಣ್ಣು ಹೇಗೆ ತಾಕುತ್ತದೆಂಬುದು ಅವರಿಗೂ ಗೊತ್ತಿರಲಿಲ್ಲ.