ಕಣ್ಣಳತೆ

ಎರಡು ಗಂಟೆ ರಕ್ಷಾಕವಚದೊಳಗೆ ಬೆಂದು ಹೊರಬಂದ ನರ್ಸ್ ಸೇರಿನ್ ಬಾರ್ಲಿ ಚಹಾದ ಲೋಟ ಎತ್ತಿದಳು; ಅರ್ಧ ಮಡಿಲಿಗೇ ಚೆಲ್ಲಿತು. ಬೆಳಿಗ್ಗೆ ಇದೇ ನಡುಗುವ ಕೈಯಲ್ಲಿ ನಾಲ್ಕನೇ ಹಾಸಿಗೆಯ ಅಜ್ಜಿಗೆ ಮೂರು ಸಲ ಸೂಜಿ ಚುಚ್ಚಿದರೂ ನರ ಸಿಕ್ಕಿರಲಿಲ್ಲ. ನಲವತ್ತು ನಿಮಿಷದ ವಿರಾಮ ಮುಗಿದರೆ ಮತ್ತೆ ಅದೇ ಅಜ್ಜಿ, ಅದೇ ಸೂಜಿ.

"ಅಕ್ಕಾ, ಈ ಸಲಾನೂ ತಪ್ಪಿದ್ರೆ ನಾನು ಕೆಲಸ ಬಿಟ್ಬಿಡ್ತೀನಿ."

"ಬಿಡೋದು ಆಮೇಲೆ ಬಿಡುವಂತೆ. ಈಗ ಒಂಚೂರು ಕಣ್ಣು ಮುಚ್ಚು," ಎಂದಳು ಮಾಲ್‌ಸುಕ್, ಮೂವತ್ತು ವರ್ಷ ಅದೇ ಆಸ್ಪತ್ರೆಯಲ್ಲಿ ಸವೆದ ಹಿರಿಯ ನರ್ಸ್.

ಮುಚ್ಚಲು ಬಿಟ್ಟರಲ್ಲವೇ! ಸೋಂಕು ಹಬ್ಬಿ ದೇಗು ನಗರಕ್ಕೆ ನಗರವೇ ಕೆಮ್ಮುತ್ತಿದ್ದ ಆ ಮಾರ್ಚಿನಲ್ಲಿ ನರ್ಸುಗಳ ಒತ್ತಡ ಇಳಿಸಬೇಕೆಂದು ಮೇಲಿನವರಿಗೆ ಕರುಣೆ ಹುಟ್ಟಿತ್ತು. ಇನ್ನಿಬ್ಬರು ನರ್ಸುಗಳನ್ನು ಕೊಡಿ ಎಂದರೆ ಉಪನ್ಯಾಸ ಕೊಟ್ಟರು. ಅದೂ ವಾರವಾರ, ವಿರಾಮದ ಹೊತ್ತಿನಲ್ಲೇ, ಕ್ಯಾಮೆರಾದ ಮುಂದೆ, ಹಾಜರಿ ಕಡ್ಡಾಯ.

ಪರದೆಯ ಮೇಲೆ ಸಿಯೋಲ್‌ನಿಂದ ಪ್ರೊಫೆಸರ್ ನಾಮ್ ಪ್ರತ್ಯಕ್ಷನಾದ. ಬೆನ್ನ ಹಿಂದೆ ಹೂಕುಂಡ, ಮುಖದಲ್ಲಿ ಹತ್ತು ಗಂಟೆ ನಿದ್ದೆ ಮಾಡಿದ ಕಳೆ. "ನಿಮ್ಮ ಭಾವನೆಯನ್ನ ಗುರುತಿಸಿ, ಅದಕ್ಕೊಂದು ಹೆಸರಿಡಿ. ಯಾರು ಹೇಳ್ತೀರಿ?"

"ಹಸಿವು," ಎಂದಳು ಮಾಲ್‌ಸುಕ್, ಅನ್ನದ ಸುರುಳಿ ಕಿಂಬಾಪ್‌ನ ತುಂಡನ್ನು ದವಡೆಗೆ ಒತ್ತುತ್ತ.

"ಹಸಿವು ಭಾವನೆ ಅಲ್ಲ ಮೇಡಂ."

"ಹೊಟ್ಟೆ ತುಂಬಿದೋರಿಗೆ ಅಲ್ಲ ಬಿಡಿ ಸಾರ್."

ಅಷ್ಟರಲ್ಲಿ ಸೇರಿನ್‌ಳ ತಲೆ ಗೋಡೆಗೆ ಒರಗಿತ್ತು. ಕವಚದ ಕನ್ನಡಕ ಒತ್ತಿ ಗಾಯವಾದ ಮೂಗಿನ ಮೇಲೆ ಅರ್ಧ ಕಿತ್ತ ಪಟ್ಟಿಯೊಂದು ಉಸಿರಿಗೆ ಅಲುಗುತ್ತಿತ್ತು.

"ಆ ಮೂಲೆಯವರು ಮಲಗಿದಾರಾ? ಹಾಜರಿ ಸಿಗಲ್ಲ, ಎಬ್ಬಿಸಿ!"

ಕಣ್ಣಳತೆ ಇದ್ದವಳಿಗೆ ಸನ್ಯಾಸಿಗಳ ಮಠದಲ್ಲೂ ಸೀಗಡಿ ಉಪ್ಪಿನಕಾಯಿ ಸಿಗುತ್ತದೆ ಎನ್ನುತ್ತಿದ್ದಳು ಮಾಲ್‌ಸುಕ್‌ಳ ತಾಯಿ. ಎದುರಿನವರ ಮುಖ ನೋಡಿ ಮನಸ್ಸು ಅಳೆಯುವ ಆ ವಿದ್ಯೆ, ಭಾವನೆಗಳ ಪಾಠ ಹೇಳಲು ಬಂದ ಪ್ರೊಫೆಸರನ ಬಳಿ ಸಾಸಿವೆಯಷ್ಟೂ ಇರಲಿಲ್ಲ. ಮಾಲ್‌ಸುಕ್ ಅವನನ್ನು ಒಂದೇ ನೋಟಕ್ಕೆ ಅಳೆದಳು. ಹೊಗಳಿಕೆಗೆ ಬಾಯಿಬಿಡುವ ಪ್ರಾಣಿ.

"ಅಯ್ಯೋ, ಮಲಗಿಲ್ಲ ಸಾರ್! ಹೋದ ವಾರ ನೀವೇ ಹೇಳಿಕೊಟ್ರಲ್ಲ, ಆ ಧ್ಯಾನ. ಎಷ್ಟು ಆಳಕ್ಕೆ ಇಳಿದಿದಾಳೆ ನೋಡಿ."

ನಾಮ್ ಹಿಗ್ಗಿ ಹೀರೇಕಾಯಿಯಾದ. "ನೋಡಿ ಎಲ್ಲರೂ! ತನ್ನ ಆರೈಕೆ ತಾನೇ ಮಾಡ್ಕೊಳ್ಳೋದು ಅಂದ್ರೆ ಇದು! ಯಾರೂ ಸದ್ದು ಮಾಡಬೇಡಿ."

ಇಪ್ಪತ್ತೈದು ನಿಮಿಷ, ಐದು ವಾರ್ಡುಗಳ ನರ್ಸುಗಳು ತಂತಮ್ಮ ಪರದೆಯಲ್ಲಿ, ಬಾಯಿ ತೆರೆದು ನಿದ್ರಿಸುತ್ತಿದ್ದ ಹುಡುಗಿಯನ್ನು ಭಕ್ತಿಯಿಂದ ನೋಡಿದರು. ಸಣ್ಣ ಗೊರಕೆ ಕೇಳಿದಾಗ ಪ್ರೊಫೆಸರ್, "ಉಸಿರಿನ ಲಯ ಗಮನಿಸಿ," ಎಂದು ಪಿಸುಗುಟ್ಟಿದ.

ವಿರಾಮ ಮುಗಿಯಿತು. ನಾಲ್ಕನೇ ಹಾಸಿಗೆಯಲ್ಲಿ ಮೊದಲ ಚುಚ್ಚಿಗೇ ನರ ಸಿಕ್ಕಿತು. "ಈ ಸಲ ಇರುವೆ ಕಚ್ಚಿದ ಹಾಗಾಯ್ತಷ್ಟೇ ಮಗಳೇ," ಎಂದಳು ಅಜ್ಜಿ.

ಸಂಜೆ ನಾಮ್ ತಾನೇ ಫೋನ್ ಮಾಡಿದ. "ಆ ಹುಡುಗಿ ಅಪರೂಪದ ಪ್ರತಿಭೆ. ನಾಳೆಯಿಂದ ವಿರಾಮದ ಹೊತ್ತಲ್ಲಿ ಎಲ್ಲ ವಾರ್ಡಿಗೂ ಅವಳೇ ಧ್ಯಾನ ಹೇಳಿಕೊಡಲಿ."

"ಹೇಳಿಕೊಡ್ತಾಳೆ ಸಾರ್," ಎಂದಳು ಮಾಲ್‌ಸುಕ್. "ನೀವು ಒಬ್ಬೊಬ್ಬರಿಗೆ ಒಂದೊಂದು ದಿಂಬು ಕಳಿಸಿಬಿಡಿ."