ಒಸಡಿನ ಬಣ್ಣದ ಬಳೆ

ಗೇರ್ ಬಾಕ್ಸಿನ ಹಳೇ ಎಣ್ಣೆಯೆಲ್ಲ ಬೋಗುಣಿಗೆ ಇಳಿದು ಮುಗಿದ ಮೇಲೆ, ಹೊಸ ಎಣ್ಣೆ ತುಂಬುವ ಬೋಲ್ಟು ಬಿಚ್ಚಲು ಬರುವುದಿಲ್ಲ ಎಂದು ಸೊಸೆಗೆ ಗೊತ್ತಾಯಿತು. ಕಾರಿನಡಿ ಅಂಗಾತ ಮಲಗಿ ಸ್ಪ್ಯಾನರಿಗೆ ಜೋತುಬಿದ್ದಳು. ಬೋಲ್ಟಿನ ಮೂಲೆಗಳು ಸವೆದು ಉರುಟಾದವೇ ಹೊರತು ಅದು ಜಪ್ಪಯ್ಯ ಅನ್ನಲಿಲ್ಲ.

“ಮೊದಲು ತುಂಬೋ ಬೋಲ್ಟು ಸಡಿಲ ಮಾಡ್ಕೊಂಡು, ಆಮೇಲೆ ಕೆಳಗಿಂದು ಬಿಚ್ಚಬೇಕು,” ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಟಾರ್ಚು ಹಿಡಿದಿದ್ದ ಅತ್ತೆ ಹೇಳಿದಳು.

“ಇದನ್ನ ಈಗ ಹೇಳ್ತಿದೀರಾ ಅತ್ತೆ?”

“ನೀನು ಹಲ್ಲು ಕೀಳೋವಾಗ ಪಕ್ಕದಲ್ಲಿ ಯಾರಾದ್ರೂ ಮಾತಾಡಿದ್ರೆ ಉರಿದು ಬೀಳ್ತೀಯಲ್ಲ. ಅದಕ್ಕೇ ಸುಮ್ಮನಿದ್ದೆ.”

ಸೊಸೆ ದಂತವೈದ್ಯೆ. ಮನೆಯ ಮುಂದಿನ ಕೋಣೆಯೇ ಅವಳ ಕ್ಲಿನಿಕ್ಕು. ಭಾನುವಾರ ರೋಗಿಗಳಿಲ್ಲದ್ದರಿಂದ ಅತ್ತೆಯ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರಿಗೆ ಕೈ ಹಾಕಿದ್ದಳು. ಬೇಸಿಗೆಯಿಂದೀಚೆಗೆ ಆ ಕಾರು ಎರಡನೇ ಗೇರಿಗೆ ಬೀಳುವಾಗಲೆಲ್ಲ ಕರ್ರೆನ್ನುತ್ತಿತ್ತು. ಅತ್ತೆಯ ಮಣಿಕಟ್ಟು ಮುರಿದು ಕೂಡಿಕೊಂಡದ್ದೂ ಅದೇ ಬೇಸಿಗೆಯಲ್ಲಿ. ಗೇರು ಕೆಟ್ಟಿದೆ ಎಂದು ಅವಳು, ಕೈ ಕೆಟ್ಟಿದೆ ಎಂದು ಮಗ. ಕೊನೆಗೆ ಊಟದ ಮೇಜಿನಲ್ಲಿ ತೀರ್ಮಾನವಾಯಿತು: ಎಣ್ಣೆ ಬದಲಿಸಿ ನೋಡುವುದು, ಆಮೇಲೂ ಸದ್ದು ಬಂದರೆ ಅವಳು ಕೀಲಿಯನ್ನು ಮಗನ ಕೈಗೆ ಕೊಟ್ಟು ಕಾರು ಓಡಿಸುವುದನ್ನು ಬಿಡುವುದು. ಅತ್ತೆ ಒಪ್ಪಿಕೊಂಡದ್ದು ಧೈರ್ಯದಿಂದಲ್ಲ. ಬೆಳಿಗ್ಗೆ ನೀರಿನ ಲೋಟ ಎತ್ತುವಾಗ ಆ ಕೈ ನಡುಗುವುದು ಅವಳಿಗೆ ಮಾತ್ರ ಗೊತ್ತಿತ್ತು.

ಮಗ ಬಾಗಿಲಲ್ಲಿ ಕಾಣಿಸಿಕೊಂಡ. ಬೋಗುಣಿಯಲ್ಲಿದ್ದ ಎಣ್ಣೆ ನೋಡಿದ, ಹೆಂಡತಿಯ ಕೆನ್ನೆಗೆ ಮೆತ್ತಿದ್ದ ಎಣ್ಣೆ ನೋಡಿದ. “ಇದ್ದ ಆಯಿಲ್ಲೂ ಹೋಯ್ತಾ? ಎಳ್ಕೊಂಡು ಹೋಗೋರಿಗೆ ಫೋನ್ ಮಾಡ್ಲಾಮ್ಮಾ?”

“ಒಲೆ ಮೇಲಿಟ್ಟಿದ್ದು ಸೀಯ್ತಿದೆ ನೋಡು, ಹೋಗು,” ಅಂದಳು ಅತ್ತೆ. ಅವನು ಓಡಿದ. ಒಲೆಯ ಮೇಲೆ ಏನೂ ಇರಲಿಲ್ಲ.

ಅತ್ತೆ ಸ್ಟೂಲಿನಿಂದೆದ್ದು ಕಾರಿನೊಳಗೆ ತೂರಿ, ಗೇರ್ ಲಿವರಿನ ಬುಡಕ್ಕೆ ಸುತ್ತಿದ್ದ ಚರ್ಮದ ಹೊದಿಕೆ ಕಿತ್ತಳು. “ಬಾಯಲ್ಲಿ ಹೋಗದಿದ್ರೆ ಮೂಗಿನಿಂದ ಹಾಕೋದು. ನಿಮ್ಮ ಡಾಕ್ಟರುಗಳೂ ಹಾಗೇ ತಾನೆ ಮಾಡೋದು? ಈ ಲಿವರ್ ಎತ್ತಿದ್ರೆ ಕೆಳಗೇ ಗೇರ್ ಬಾಕ್ಸು. ಅಳೆದು ಇಲ್ಲಿಂದಾನೇ ಸುರಿಯೋಣ.”

ಸ್ಕ್ರೂ ಬಿಚ್ಚಿ ಲಿವರ್ ಮೇಲಕ್ಕೆಳೆದಾಗ ಅದರ ಬುಡದಲ್ಲಿದ್ದ ಪ್ಲಾಸ್ಟಿಕ್ ಬಳೆ ಎರಡು ಹೋಳಾಗಿ ಹೊರಗೆ ಬಂತು. ಸೊಸೆ ಹೋಳುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಇದು ಒಡೆದ್ರೆ ಲಿವರ್ ಒಳಗೆ ಲೊಡಲೊಡ ಅಲ್ಲಾಡ್ತಿರತ್ತೆ ಅತ್ತೆ. ನೀವು ಎರಡಕ್ಕೆ ತಳ್ಳಿದ್ರೂ ಅದು ಪೂರ್ತಿ ಎರಡಕ್ಕೆ ಹೋಗಲ್ಲ.”

“ಹಾಗಾದ್ರೆ ಕೈಯಿಂದ ಅಲ್ಲ?”

“ಹಾಕಿ ನೋಡದೆ ಹೇಗೆ ಹೇಳ್ಲಿ.”

ಆ ಕಾರಿನ ಬಿಡಿಭಾಗಗಳು ಅಂಗಡಿಗೆ ಬರುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಸೊಸೆ ಕೈ ತೊಳೆದು ಕ್ಲಿನಿಕ್ಕಿಗೆ ನಡೆದಳು. ಹೋಳುಗಳನ್ನು ಅಂಟಿಸಿ, ಹಲ್ಲಿನ ಅಚ್ಚು ತೆಗೆಯುವ ಮೆತ್ತನೆಯ ಮುದ್ದೆಯೊಳಗೆ ಒತ್ತಿದಳು. ಮುದ್ದೆ ಬಿಗಿದ ಮೇಲೆ ಬಳೆಯನ್ನು ತೆಗೆದು, ಆ ಅಚ್ಚಿನಲ್ಲಿ ಹಲ್ಲುಸೆಟ್ಟಿನ ಒಸಡು ಮಾಡುವ ಪುಡಿಯನ್ನು ಕಲಸಿ ಹೊಯ್ದಳು. ಅತ್ತೆ ರೋಗಿಯ ಕುರ್ಚಿಯಲ್ಲಿ ಕೂತು, ಬಾಯಿ ತೆರೆಯುವ ಕೆಲಸವಿಲ್ಲದ್ದರಿಂದ, ಕಾಲಾಡಿಸುತ್ತ ಕಾದಳು. ಸೊಸೆ ಸಣ್ಣ ಡ್ರಿಲ್ಲಿನಿಂದ ಅಂಚು ಉಜ್ಜಿ ಹೊಸ ಬಳೆಯನ್ನು ಅವಳ ಅಂಗೈ ಮೇಲಿಟ್ಟಳು. ಥೇಟ್ ಒಸಡಿನ ಬಣ್ಣ.

“ಊಟ ಆದ್ಮೇಲೆ ತೊಳೀಬೇಕಾ ಇದನ್ನ?”

“ರಾತ್ರಿ ನೀರಲ್ಲಿ ನೆನೆಸಿಡಿ.”

ಎಣ್ಣೆ ಸುರಿದು, ಬಳೆ ಕೂರಿಸಿ, ಲಿವರ್ ಬಿಗಿದು, ಜಾಕ್ ಇಳಿಸಿದರು. ಮಗ ಮತ್ತೆ ಹೊರಗೆ ಬಂದ. “ನಾನೂ ಬರ್ತೀನಿ. ಸದ್ದು ಕೇಳಬೇಕಲ್ಲ.”

“ಎರಡೇ ಸೀಟು,” ಅಂದಳು ಅಷ್ಟರಲ್ಲಾಗಲೇ ಹತ್ತಿ ಕೂತಿದ್ದ ಅವನ ಹೆಂಡತಿ.

“ಸರಿ, ಬೀದಿ ಕೊನೇವರೆಗೂ ಹೋಗಿ ಬನ್ನಿ. ಇಲ್ಲಿಗೇ ಕೇಳಿಸತ್ತೆ.”

ಕಾರು ಒಂದನೇ ಗೇರಿನಲ್ಲಿ ಬೀದಿಗಿಳಿಯಿತು. ಅತ್ತೆ ಕ್ಲಚ್ ಒತ್ತಿ ಲಿವರ್ ಹಿಡಿದಳು. ಬೆರಳುಗಳು ನಡುಗುತ್ತಿದ್ದವು. ಸೊಸೆ ಕಂಡೂ ಕಾಣದವಳಂತೆ ಎದುರು ಮನೆಯ ತಾರಸಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ನೋಡತೊಡಗಿದಳು. ಲಿವರ್ ಹಿಂದಕ್ಕೆ ಬಂತು. ಸದ್ದಿಲ್ಲ. ಅತ್ತೆಗೆ ನಂಬಿಕೆ ಬರಲಿಲ್ಲ. ಬೀದಿ ತುದಿಯಲ್ಲಿ ಕಾರು ತಿರುಗಿಸಿ, ಪೂರ್ತಿ ನಿಲ್ಲಿಸಿ, ಮತ್ತೆ ಒಂದು, ಮತ್ತೆ ಎರಡು. ಬೆಣ್ಣೆಯೊಳಗಿಂದ ಕೂದಲು ತೆಗೆದಷ್ಟು ಸಲೀಸು. ಕೈ ಮಾತ್ರ ನಡುಗುತ್ತಲೇ ಇತ್ತು. ಗೇರಿಗೆ ಅದರ ಗೊಡವೆಯೇ ಇದ್ದಂತಿರಲಿಲ್ಲ.

ಗೇಟಿನ ಮುಂದೆ ಮಗ ಕೈ ಚಾಚಿ ನಿಂತಿದ್ದ. ನಿಲ್ಲಿಸು ಎಂದೋ ಕೀಲಿ ಕೊಡು ಎಂದೋ, ದೂರದಿಂದ ಹೇಳುವಂತಿರಲಿಲ್ಲ.

“ಅತ್ತೆ, ಮನೆ ಬಂತು,” ಅಂದಳು ಸೊಸೆ.

“ಮೂರನೇದು ನೋಡೋದು ಬೇಡ್ವಾ?” ಎಂದು ಅತ್ತೆ ಲಿವರನ್ನು ಮುಂದಕ್ಕೆ ತಳ್ಳಿದಳು.